ಪೊಮೋನಾದ ಆ ರಾತ್ರಿ ಮತ್ತು ಕಳೆದುಹೋದ 43 ನಿಮಿಷ

1942ರ ಮಾರ್ಚ್ 17, ಮಂಗಳವಾರ. ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಪೊಮೋನಾ ಎಂಬ ಊರಿನ ಫಾಕ್ಸ್ ಚಿತ್ರಮಂದಿರದಲ್ಲಿ ಅವತ್ತು ‘ದಿ ಫ್ಲೀಟ್ಸ್ ಇನ್’ ನಡೆಯುತ್ತಿತ್ತು. ಡೊರೊಥಿ ಲಮೂರ್ ಇದ್ದ, ನಾವಿಕರ ತಮಾಷೆ, ಹಾಡು, ಕುಣಿತಗಳ ಚಿತ್ರ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದು ಅಂದಿಗೆ ಸರಿಯಾಗಿ ನೂರು ದಿನ. ಯುದ್ಧವನ್ನು ಎರಡು ಗಂಟೆ ಮರೆಯಲು ಬಂದಿದ್ದ ಜನ, ಅದರಲ್ಲೂ ಹುಡುಗ ಹುಡುಗಿಯರು, ನಕ್ಕು ಹಗುರಾಗಿದ್ದರು. ಆ ಚಿತ್ರ ಮುಗಿದ ಮೇಲೆ ಇನ್ನೊಂದು ಚಿತ್ರ ಶುರುವಾಯಿತು. ಇನ್ನೂ ಬಿಡುಗಡೆಯಾಗದ ಚಿತ್ರ. ಒಂದು ಶ್ರೀಮಂತ ಮನೆತನ ನಿಧಾನವಾಗಿ ಮುಳುಗಿಹೋಗುವ ಕತೆ.

ಸ್ವಲ್ಪ ಹೊತ್ತಿಗೆ ಪಿಸುಮಾತು ಶುರುವಾಯಿತು. ಆಮೇಲೆ ನಗು, ನಗಬಾರದ ಕಡೆ ನಗು. ಮದುವೆಯಾಗದೆ ಉಳಿದ ಫ್ಯಾನಿ ಅತ್ತೆ ಎದೆಯೊಡೆದು ಅಳುವಾಗ ಜನ ಗೊಳ್ಳೆಂದರು. ಕೆಲವರು ಎದ್ದು ಹೋದರು. ಕೊನೆಯಲ್ಲಿ ಪ್ರೇಕ್ಷಕರಿಂದ ಅಭಿಪ್ರಾಯ ಬರೆಸಿಕೊಂಡ 125 ಕಾರ್ಡುಗಳಲ್ಲಿ 72 ಚಿತ್ರವನ್ನು ಬೈದವು, 53 ಮೆಚ್ಚಿದವು. ಅಂದು ಅಲ್ಲಿ ಕೂತಿದ್ದ ಆರ್‌ಕೆಓ ಸ್ಟುಡಿಯೋದ ಅಧ್ಯಕ್ಷ ಜಾರ್ಜ್ ಷೇಫರ್, ಈ ಉದ್ಯಮದ ತನ್ನ ಇಡೀ ಅನುಭವದಲ್ಲಿ ಇಂಥ ಏಟು ತಿಂದಿರಲಿಲ್ಲವೆಂದು ನಿರ್ದೇಶಕನಿಗೆ ಪತ್ರ ಬರೆದ. ಪತ್ರ ಹೋಗಬೇಕಾದದ್ದು ರಿಯೋ ಡಿ ಜನೈರೋಗೆ. ಚಿತ್ರ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’. ನಿರ್ದೇಶಕ ಆರ್ಸನ್ ವೆಲ್ಸ್, ಆಗ ವಯಸ್ಸು 26.

ಕಾದಂಬರಿಗಳು ಸಿನಿಮಾ ಆಗುವ ಬಗೆಯನ್ನು ಓದುವುದು ನನ್ನ ಸಂಶೋಧನೆಯ ಕೆಲಸ. ಈ ಚಿತ್ರವನ್ನು ಮೊದಲು ನೋಡಿದ್ದು ಹಾಸ್ಟೆಲಿನ ಕೋಣೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. 88 ನಿಮಿಷದ ಚಿತ್ರ. ಮೊದಲ ಇಪ್ಪತ್ತು ನಿಮಿಷ ನೋಡಿ ಇದು ಆತನ ‘ಸಿಟಿಜನ್ ಕೇನ್’ಗಿಂತ ದೊಡ್ಡ ಕೃತಿ ಎನ್ನಿಸಿತು, ಕೊನೆಯ ಇಪ್ಪತ್ತು ನಿಮಿಷ ನೋಡುವಾಗ ಯಾರೋ ಪುಸ್ತಕದ ಹಾಳೆಗಳನ್ನು ಗೊಂಚಲು ಗೊಂಚಲಾಗಿ ಮಗುಚುತ್ತಿದ್ದಾರೆ ಎನ್ನಿಸಿತು. ಈ ಅನಿಸಿಕೆಗೆ ಕಾರಣ ಹುಡುಕುತ್ತ ಹೋದಾಗ ಸಿಕ್ಕದ್ದು ಸಿನಿಮಾ ಚರಿತ್ರೆಯ ತೀರ ಪರಿಚಿತವಾದ ದಂತಕತೆ: ಮಹಾಪ್ರತಿಭೆಯೊಂದರ ಕೃತಿಯನ್ನು ದುಡ್ಡಿನ ಜನ ಕತ್ತರಿಸಿ ಹಾಕಿದರು. ಈ ಕತೆ ಸುಳ್ಳಲ್ಲ. ಆದರೆ ದಾಖಲೆಗಳನ್ನು ಓದುತ್ತ ಹೋದಂತೆ ಅದು ನಿಜಕ್ಕಿಂತ ಬಹಳ ಸಲೀಸಾಗಿದೆ ಎಂದು ನನಗೆ ಅನ್ನಿಸತೊಡಗಿತು.

ಮೂಲ ಕಾದಂಬರಿ ಬೂತ್ ಟಾರ್ಕಿಂಗ್ಟನ್‌ನದು. 1918ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪಡೆಯಿತು. ಅಮೆರಿಕದ ಮಧ್ಯಪಶ್ಚಿಮದ ಒಂದು ಊರು. ಊರಿಗೇ ದೊಡ್ಡದಾದ ಆಂಬರ್ಸನ್ ಬಂಗಲೆ. ಆ ಮನೆಯ ಮಗಳು ಇಸಬೆಲ್ ತಾನು ಪ್ರೀತಿಸಿದ ಯೂಜೀನ್ ಮಾರ್ಗನ್‌ನನ್ನು ಬಿಟ್ಟು ಇನ್ನೊಬ್ಬನನ್ನು ಮದುವೆಯಾಗುತ್ತಾಳೆ. ಇದ್ದ ಪ್ರೀತಿಯನ್ನೆಲ್ಲ ಸುರಿದು ಬೆಳೆಸಿದ ಒಬ್ಬನೇ ಮಗ ಜಾರ್ಜ್ ಸೊಕ್ಕಿನ ಮುದ್ದೆಯಾಗುತ್ತಾನೆ. ವರ್ಷಗಳು ಕಳೆದ ಮೇಲೆ ಯೂಜೀನ್ ಮೋಟಾರು ಗಾಡಿ ತಯಾರಿಸುವವನಾಗಿ ಊರಿಗೆ ಮರಳುತ್ತಾನೆ. ವಿಧವೆಯಾದ ಇಸಬೆಲ್‌ಗೂ ಅವನಿಗೂ ನಡುವೆ ಮಗ ಅಡ್ಡ ನಿಲ್ಲುತ್ತಾನೆ. ಇತ್ತ ಮೋಟಾರು ಗಾಡಿ ಊರನ್ನು ಹಿಗ್ಗಿಸುತ್ತ, ಹೊಗೆಯಿಂದ ಕಪ್ಪಾಗಿಸುತ್ತ, ಆಂಬರ್ಸನ್ನರ ಜಮೀನನ್ನು ಬೆಲೆಯಿಲ್ಲದ್ದಾಗಿ ಮಾಡುತ್ತದೆ. ಅಮ್ಮ ಮಕ್ಕಳ ಕತೆ ಮತ್ತು ಊರಿನ ಕತೆ ಎರಡೂ ಒಂದೇ ನೂಲಿನಲ್ಲಿ ಹೆಣೆದುಕೊಂಡಿವೆ. ಇದನ್ನು ನೆನಪಿಡಬೇಕು, ಮುಂದೆ ಕತ್ತರಿ ಬಿದ್ದದ್ದು ಇವುಗಳಲ್ಲಿ ಒಂದರ ಮೇಲೆ.

ವೆಲ್ಸ್‌ಗೆ ಈ ಕಾದಂಬರಿ ಹತ್ತಿರದ್ದು. ಒಂಬತ್ತನೆಯ ವಯಸ್ಸಿಗೆ ತಾಯಿ ಹೋಗಿದ್ದಳು, ಹದಿನೈದಕ್ಕೆ ತಂದೆ. ಯೂಜೀನ್‌ನ ಪಾತ್ರಕ್ಕೆ ತನ್ನ ತಂದೆಯೇ ಮಾದರಿ ಎಂದು ಹೇಳಿಕೊಳ್ಳುತ್ತಿದ್ದ. ವೆಲ್ಸ್ ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ, ಆದರೆ ಹಾಗೆ ನಂಬಿಕೊಳ್ಳಲು ಅವನಿಗೆ ಬೇಕಿತ್ತು ಎನ್ನುವುದನ್ನು ನಂಬಬಹುದು. 1939ರ ಅಕ್ಟೋಬರಿನಲ್ಲೇ ಇದನ್ನು ರೇಡಿಯೋ ನಾಟಕ ಮಾಡಿದ್ದ.

ಚಿತ್ರೀಕರಣ ನಡೆದದ್ದು 1941ರ ಅಕ್ಟೋಬರ್ 28ರಿಂದ 1942ರ ಜನವರಿ 22ರವರೆಗೆ. ಅದಕ್ಕೂ ಮೊದಲೇ ಒಂದು ಸಹಿ ಬಿದ್ದಿತ್ತು. 1939ರಲ್ಲಿ ಹಾಲಿವುಡ್‌ಗೆ ಬಂದಾಗ ವೆಲ್ಸ್‌ಗೆ ಸಿಕ್ಕ ಒಪ್ಪಂದ ಯಾರಿಗೂ ಸಿಗದಂಥದು: ಚಿತ್ರದ ಅಂತಿಮ ರೂಪ ಅವನದೇ ನಿರ್ಧಾರ. ‘ಸಿಟಿಜನ್ ಕೇನ್’ ಆ ಹಕ್ಕಿನ ಫಲ. ಆದರೆ ಪತ್ರಿಕಾ ದೊರೆ ಹರ್ಸ್ಟ್‌ನ ಸಿಟ್ಟಿಗೆ ಸಿಕ್ಕು ‘ಕೇನ್’ ದುಡ್ಡು ಮಾಡಲಿಲ್ಲ. 1941ರಲ್ಲಿ ಒಪ್ಪಂದ ಹೊಸದಾಗಿ ಬರೆದಾಗ ಆ ಹಕ್ಕು ಹೋಯಿತು. ವೆಲ್ಸ್ ಸಹಿ ಹಾಕಿದ. ಷೇಫರ್ ತನ್ನ ಪರ ಇರುವವರೆಗೆ ಕಾಗದದಲ್ಲಿ ಏನಿದ್ದರೇನು ಎಂದುಕೊಂಡಿರಬೇಕು.

ಸೆಟ್ಟಿನ ಮೇಲೆ ನಡೆದದ್ದು ಸಂಭ್ರಮವೂ ಹೌದು, ಹೆಣಗಾಟವೂ ಹೌದು. ಬಂಗಲೆಯನ್ನು ಒಂದೊಂದೇ ಕೋಣೆಯ ಸೆಟ್ಟಾಗಿ ಹಾಕದೆ ಒಂದರೊಳಗೊಂದು ತೆರೆದುಕೊಳ್ಳುವ ಮನೆಯನ್ನೇ ಕಟ್ಟಿಸಿದರು. ಮೂರು ಅಂತಸ್ತಿಗೆ ಏರುವ ದೊಡ್ಡ ಮೆಟ್ಟಿಲ ಸಾಲು ಚಿತ್ರದ ಬೆನ್ನೆಲುಬು. ಛಾಯಾಗ್ರಾಹಕ ಸ್ಟಾನ್ಲಿ ಕಾರ್ಟೆಜ್ ಕತ್ತಲನ್ನು ಬಣ್ಣದ ಹಾಗೆ ಬಳಸಬಲ್ಲವನು, ಆದರೆ ಬೆಳಕು ಹೊಂದಿಸಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದ, ವೆಲ್ಸ್ ಸಿಡಿಮಿಡಿಗೊಳ್ಳುತ್ತಿದ್ದ. ಹಿಮದಲ್ಲಿ ಜಾರುಗಾಡಿಯೂ ಮೋಟಾರು ಗಾಡಿಯೂ ಎದುರಾಗುವ ದೃಶ್ಯವನ್ನು ಲಾಸ್ ಏಂಜಲೀಸ್‌ನ ಒಂದು ಮಂಜುಗಡ್ಡೆ ಕಾರ್ಖಾನೆಯೊಳಗೆ ತೆಗೆದರು. ಕಾರಣ ಇಷ್ಟೇ: ಮಾತಾಡುವಾಗ ನಟರ ಉಸಿರು ಹೊಗೆಯಾಗಿ ಕಾಣಬೇಕು. ಮುದುಕ ಮೇಜರ್ ಆಂಬರ್ಸನ್ ಪಾತ್ರದ ರಿಚರ್ಡ್ ಬೆನೆಟ್‌ಗೆ ಮಾತು ನೆನಪಿರುತ್ತಿರಲಿಲ್ಲ, ವೆಲ್ಸ್ ಪಕ್ಕದಿಂದ ಹೇಳಿಕೊಡುತ್ತಿದ್ದನಂತೆ. ಬೆಂಕಿಯ ಬೆಳಕಿನಲ್ಲಿ ಆ ಮುಖ ಸಾವಿನೆದುರು ತಡವರಿಸುವ ದೃಶ್ಯ ಚಿತ್ರದಲ್ಲಿ ಉಳಿದಿದೆ. ಅಲ್ಲಿ ತಡವರಿಸುತ್ತಿರುವುದು ಪಾತ್ರವೋ ನಟನೋ ಹೇಳುವುದು ಕಷ್ಟ.

ಫ್ಯಾನಿ ಅತ್ತೆಯ ಪಾತ್ರ ಮಾಡಿದ ಆಗ್ನೆಸ್ ಮೂರ್‌ಹೆಡ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಡುಗೆಮನೆಯಲ್ಲಿ ಜಾರ್ಜ್ ಸ್ಟ್ರಾಬೆರಿ ಕೇಕನ್ನು ಗಬಗಬನೆ ತಿನ್ನುತ್ತಿದ್ದಾನೆ. ಅತ್ತೆ ಬಡಿಸುತ್ತ, ತಾನು ಒಳಗೊಳಗೇ ಪ್ರೀತಿಸುವ ಯೂಜೀನ್‌ನ ಸುದ್ದಿಯನ್ನು ಏನೂ ಅರಿಯದವಳ ಹಾಗೆ ಕೆದಕುತ್ತಾಳೆ. ಕ್ಯಾಮೆರಾ ಕದಲುವುದೇ ಇಲ್ಲ, ದೃಶ್ಯ ಕಟ್ ಆಗುವುದಿಲ್ಲ. ಹುಡುಗರ ಒಂದು ಕೀಟಲೆ ಮಾತಿಗೆ ಅವಳು ಒಡೆದುಹೋಗುವವರೆಗೆ ನಾವೂ ಆ ಮೇಜಿನ ಎದುರು ಕೂತೇ ಇರಬೇಕು. ಎಲ್ಲ ಮನೆಗಳಲ್ಲೂ ಇಂಥ ಒಬ್ಬ ಅತ್ತೆ ಇರುತ್ತಾಳೆ, ಅವಳನ್ನು ಕಂಡು ಎಲ್ಲರೂ ನಗುತ್ತಿರುತ್ತಾರೆ. ಪೊಮೋನಾದ ಹುಡುಗರು ಮಾಡಿದ್ದೂ ಅದನ್ನೇ. ಮುಂದೆ ನ್ಯೂಯಾರ್ಕಿನ ವಿಮರ್ಶಕರ ಬಳಗ ಆ ವರ್ಷದ ಶ್ರೇಷ್ಠ ನಟಿ ಎಂದು ಮೂರ್‌ಹೆಡ್‌ಳನ್ನೇ ಆರಿಸಿತು.

ಚಿತ್ರೀಕರಣ ನಡೆಯುತ್ತಿರುವಾಗಲೇ ಯುದ್ಧ ಬಂತು. ಲ್ಯಾಟಿನ್ ಅಮೆರಿಕದ ದೇಶಗಳು ಜರ್ಮನಿಯ ಕಡೆ ವಾಲದಂತೆ ನೋಡಿಕೊಳ್ಳುವ ಸರ್ಕಾರಿ ಹೊಣೆ ನೆಲ್ಸನ್ ರಾಕ್‌ಫೆಲರ್‌ನದು; ಅವನಿಗೆ ಆರ್‌ಕೆಓದಲ್ಲಿ ಪಾಲೂ ಇತ್ತು. ಬ್ರೆಜಿಲ್‌ಗೆ ಹೋಗಿ, ಸ್ನೇಹ ಬೆಳೆಸುವ ಒಂದು ಚಿತ್ರ ಮಾಡಿಕೊಂಡು ಬಾ ಎಂದು ವೆಲ್ಸ್‌ನನ್ನು ಕೇಳಿದರು. ಫೆಬ್ರವರಿಯಲ್ಲಿ ರಿಯೋದ ಕಾರ್ನಿವಲ್, ಅದು ಯಾರಿಗೂ ಕಾಯುವುದಿಲ್ಲ. ಆ ಹೊತ್ತಿಗೆ ವೆಲ್ಸ್ ‘ಆಂಬರ್ಸನ್ಸ್’ ಮುಗಿಸುತ್ತಿದ್ದ, ‘ಜರ್ನಿ ಇನ್‌ಟು ಫಿಯರ್’ ಎಂಬ ಇನ್ನೊಂದು ಚಿತ್ರದಲ್ಲಿ ನಟಿಸುತ್ತಿದ್ದ, ವಾರವಾರ ರೇಡಿಯೋ ಕಾರ್ಯಕ್ರಮ ಬೇರೆ. ಹೊರಡುವ ದಾರಿಯಲ್ಲಿ ಮಯಾಮಿಯಲ್ಲಿ ಸಂಕಲನಕಾರ ರಾಬರ್ಟ್ ವೈಸ್ ಜೊತೆ ಕೆಲವೇ ದಿನ ಕೂತು ಚಿತ್ರವನ್ನು ಒಂದು ಹದಕ್ಕೆ ತಂದ, ನಿರೂಪಣೆಯ ದನಿ ಮುದ್ರಿಸಿದ, ವಿಮಾನ ಹತ್ತಿದ. ಉಳಿದ ಕೆಲಸಕ್ಕೆ ವೈಸ್ ರಿಯೋಗೆ ಬರುವುದೆಂದು ಮಾತಾಗಿತ್ತು. ಯುದ್ಧಕಾಲದ ಪ್ರಯಾಣ ನಿರ್ಬಂಧ ಅಡ್ಡಬಂತು. ವೈಸ್‌ಗೆ ಬದಲಾಗಿ ಪ್ರಿಂಟ್ ಒಂದನ್ನು ಕಳಿಸಿದರು. ಅಂದಿನಿಂದ ಚಿತ್ರದ ಸಂಕಲನ ನಡೆದದ್ದು ತಂತಿಗಳಲ್ಲಿ ಮತ್ತು ಸರಿಯಾಗಿ ಕೇಳಿಸದ ಫೋನ್ ಕರೆಗಳಲ್ಲಿ.

ದಂತಕತೆ ಹೇಳದ ಸಂಗತಿ ಇಲ್ಲಿದೆ. 1942ರ ಮಾರ್ಚ್ 12ರಂದು ತಯಾರಾದ ಚಿತ್ರದ ದೃಶ್ಯವಾರು ದಾಖಲೆ ಇಂದಿಗೂ ಇದೆ. ವಿದ್ವಾಂಸ ರಾಬರ್ಟ್ ಕ್ಯಾರಿಂಜರ್ ಅದರ ಆಧಾರದ ಮೇಲೆ 1993ರಲ್ಲಿ ಪುಸ್ತಕವನ್ನೇ ತಂದ. ಆ ದಾಖಲೆಯ ಪ್ರಕಾರ ಚಿತ್ರ 131 ನಿಮಿಷ. ಪೊಮೋನಾದಲ್ಲಿ ತೋರಿಸಿದ್ದು ಅದನ್ನಲ್ಲ. ಅದಕ್ಕೂ ಮೊದಲೇ ರಿಯೋದಿಂದ ವೆಲ್ಸ್ ತಂತಿ ಕಳಿಸಿ, ಚಿತ್ರದ ನಡುವಿನಿಂದ ದೊಡ್ಡದೊಂದು ತುಂಡನ್ನೇ ತೆಗೆಯಲು ಹೇಳಿದ್ದ. ಇಸಬೆಲ್ ಮಗನಿಗಾಗಿ ಯೂಜೀನ್‌ನನ್ನು ಎರಡನೆಯ ಸಲ ಕೈಬಿಡುವ ಭಾಗ ಅದು, ಚಿತ್ರದ ಎದೆಗೂಡು. ಪೊಮೋನಾದ ಜನ ನಕ್ಕದ್ದು ವೆಲ್ಸ್ ತಾನೇ ಕತ್ತರಿಸಿದ, ಸುಮಾರು 110 ನಿಮಿಷದ ಚಿತ್ರವನ್ನು ಕಂಡು. ಎರಡು ದಿನದ ನಂತರ ಪ್ಯಾಸಡೀನಾದಲ್ಲಿ ಇನ್ನೊಂದು ಪ್ರಿವ್ಯೂ ಆಯಿತು. ವೈಸ್ ಆ ತುಂಡಿನ ಕೆಲ ಭಾಗಗಳನ್ನು ಮರಳಿ ಜೋಡಿಸಿದ್ದ, ಜನ ಎಷ್ಟೋ ಮೆಚ್ಚಿದರು. ಆದರೆ ಅಷ್ಟರಲ್ಲಿ ಷೇಫರ್‌ನ ಧೈರ್ಯ ಉಡುಗಿತ್ತು. ಹತ್ತು ಲಕ್ಷ ಡಾಲರ್ ದಾಟಿದ ಖರ್ಚು, ಕುತ್ತಿಗೆಯ ಮೇಲೆ ಆಡಳಿತ ಮಂಡಳಿ. ಗೆಳೆಯ ಜೋಸೆಫ್ ಕಾಟನ್, ಚಿತ್ರದ ಯೂಜೀನ್, ವೆಲ್ಸ್‌ಗೆ ಬರೆದ ಪತ್ರದಲ್ಲೂ ಇದೇ ಕಸಿವಿಸಿ: ಚಿತ್ರ ಟಾರ್ಕಿಂಗ್ಟನ್‌ಗಿಂತ ಹೆಚ್ಚಾಗಿ ಚೆಕಾಫ್ ಆಗಿಬಿಟ್ಟಿದೆ, ಕತ್ತಲು ಜಾಸ್ತಿಯಾಯಿತು. ಕಾಟನ್ ಅದನ್ನು ದೂರು ಎಂದು ಬರೆದ. ನಮ್ಮಂಥವರಿಗೆ ಅದು ಆಹ್ವಾನಪತ್ರಿಕೆಯ ಹಾಗೆ ಕೇಳುತ್ತದೆ, ಆ ಮಾತು ಬೇರೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಚಿತ್ರವನ್ನು ಬಿಚ್ಚಿ ಹೊಲಿದರು. ವೈಸ್ ಇದ್ದ, ವೆಲ್ಸ್‌ನ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಾಕ್ ಮಾಸ್ ಇದ್ದ, ಸಹಾಯಕ ನಿರ್ದೇಶಕ ಫ್ರೆಡ್ ಫ್ಲೆಕ್ ಇದ್ದ. ರಿಯೋದಿಂದ ಬರುವ ತಂತಿಗಳು ಕೆಲವೊಮ್ಮೆ ಹತ್ತಾರು ಪುಟ. ಅವುಗಳನ್ನು ಓದದೆ ಬುಟ್ಟಿಗೆಸೆಯುತ್ತಿದ್ದರು, ವೆಲ್ಸ್‌ಗಾಗಿಯೇ ಹಾಕಿಸಿದ್ದ ಫೋನು ಹೊಡೆದುಕೊಳ್ಳುತ್ತಲೇ ಇರುತ್ತಿತ್ತು ಎಂದು, ಆಗ ಅಲ್ಲಿ ಕೆಲಸಕ್ಕಿದ್ದು ಮುಂದೆ ನಿರ್ದೇಶಕನಾದ ಸೈ ಎಂಡ್‌ಫೀಲ್ಡ್ ನೆನಪಿಸಿಕೊಂಡಿದ್ದಾನೆ. ಎತ್ತದೆ ಬಿಟ್ಟ ಆ ಫೋನಿನ ಸದ್ದು ನನಗೆ ಇಡೀ ಪ್ರಕರಣದ ಒಳ್ಳೆಯ ಹಿನ್ನೆಲೆ ಸಂಗೀತದ ಹಾಗೆ ಕೇಳುತ್ತದೆ. ನಿಜವಾದ ಹಿನ್ನೆಲೆ ಸಂಗೀತದ ಗತಿಯೂ ಹಾಗೇ ಆಯಿತು. ಬರ್ನಾರ್ಡ್ ಹರ್ಮನ್ ರಚಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಿತ್ತು, ಅಲ್ಲಲ್ಲಿ ರಾಯ್ ವೆಬ್ ಕೈಲಿ ಬೇರೆ ಬರೆಸಿ ಸೇರಿಸಿದರು. ಹರ್ಮನ್ ತನ್ನ ಹೆಸರನ್ನೇ ತೆಗೆಸಿಬಿಟ್ಟ.

ಏನು ಹೋಯಿತು? ಪಟ್ಟಿ ಉದ್ದವಿದೆ. ಊರು ಬೆಳೆಯುವುದು ಹೋಯಿತು. ದುಡ್ಡಿಲ್ಲದ ಮೇಜರ್ ತನ್ನ ಬಂಗಲೆಯ ಅಂಗಳವನ್ನೇ ಅಗೆಸಿ ಬಾಡಿಗೆ ಮನೆ ಕಟ್ಟಿಸುವುದು ಹೋಯಿತು. ಮೋಟಾರು ದೀಪದ ಕಂಪನಿಯೊಂದಕ್ಕೆ ದುಡ್ಡು ಹಾಕಿ ಮನೆಯವರು ಕಳೆದುಕೊಳ್ಳುವ ಕತೆ ಒಂದೆರಡು ಮಾತಿಗೆ ಇಳಿಯಿತು. ವರಾಂಡದಲ್ಲಿ ಸುಮ್ಮನೆ ಕೂತು ಮಾತಾಡುವ ಸಂಜೆಗಳು ಹೋದವು. ಕೊನೆಗೆ ಖಾಲಿ ಮನೆಯ ಕೋಣೆ ಕೋಣೆಗೂ ಕ್ಯಾಮೆರಾ ಹೋಗಿ, ಬಟ್ಟೆ ಮುಚ್ಚಿದ ಸಾಮಾನುಗಳನ್ನು ನೋಡಿಕೊಂಡು ಬರುವುದು ಹೋಯಿತು. ಕತೆ ಮುಂದೆ ಹೋಗಲು ಇವು ಯಾವುವೂ ಬೇಡ. ಸ್ಟುಡಿಯೋದವರ ಲೆಕ್ಕ ಆ ಮಟ್ಟಿಗೆ ಸರಿ. ಉಳಿದದ್ದು ತಾಯಿ, ಮಗ, ತಾಯಿಯ ಪ್ರೇಮಿ. ಹೋದದ್ದು ಊರು. ಆಂಬರ್ಸನ್ನರು ಯಾಕೆ ಬಡವರಾದರು ಎಂದು ಕೇಳಿದರೆ ಈಗಿನ ಚಿತ್ರದಲ್ಲಿ ಉತ್ತರ ಸಿಗುವುದಿಲ್ಲ. ಜಾರ್ಜ್‌ನ ಸೊಕ್ಕಿಗೆ ದೇವರು ಕೊಟ್ಟ ಶಿಕ್ಷೆಯ ಹಾಗೆ ಕಾಣುತ್ತದೆ. ಮೂಲದಲ್ಲಿ ಅದು ಜಮೀನು, ಸಾಲ, ರಸ್ತೆ, ಹೊಗೆಗಳ ಸಂಗತಿಯಾಗಿತ್ತು. ಚರಿತ್ರೆಯನ್ನು ಕತ್ತರಿಸಿದರೆ ನೀತಿಕತೆ ಉಳಿಯುತ್ತದೆ.

ಕೊನೆಯ ದೃಶ್ಯದ ವಿಚಾರ ಇನ್ನೂ ಜಟಿಲ. ವೆಲ್ಸ್ ತೆಗೆದಿದ್ದ ಕೊನೆಯಲ್ಲಿ ಯೂಜೀನ್, ಅಗ್ಗದ ಬೋರ್ಡಿಂಗ್ ಮನೆಯೊಂದರಲ್ಲಿ ದಿನ ನೂಕುತ್ತಿರುವ ಫ್ಯಾನಿಯನ್ನು ನೋಡಲು ಹೋಗುತ್ತಾನೆ. ಗ್ರಾಮಫೋನಿನಲ್ಲಿ ಯಾವುದೋ ಹಾಸ್ಯದ ರೆಕಾರ್ಡು ಓಡುತ್ತಿದೆ. ಫ್ಯಾನಿಯ ತೂಗುಕುರ್ಚಿ ಕಿರುಗುಟ್ಟುತ್ತಿದೆ. ಅವನು ಜಾರ್ಜ್‌ನನ್ನು ಕ್ಷಮಿಸಿದ ಸುದ್ದಿ ಹೇಳುತ್ತಾನೆ. ಅವಳಿಗೆ ಅದು ಮುಟ್ಟುವುದೇ ಇಲ್ಲ. ಬದುಕಿಡೀ ಇವನಿಗಾಗಿ ಕಾದವಳ ಎದುರು ಇವನು ಕೂತಿದ್ದಾನೆ, ಹೇಳಿಕೊಳ್ಳಲು ಇಬ್ಬರಿಗೂ ಏನೂ ಉಳಿದಿಲ್ಲ. ಇದಕ್ಕೆ ಬದಲಾಗಿ ಫ್ಲೆಕ್ ತೆಗೆದದ್ದು ಆಸ್ಪತ್ರೆಯ ಕಾರಿಡಾರಿನ ದೃಶ್ಯ: ಯೂಜೀನ್, ಫ್ಯಾನಿ ಇಬ್ಬರೂ ಮುಖದಲ್ಲಿ ಶಾಂತಿ ತುಂಬಿಕೊಂಡು ನಡೆದುಬರುತ್ತಾರೆ. ಎಲ್ಲರೂ ಹಳಿಯುವ ದೃಶ್ಯ ಇದು, ನಾನೂ ಹಳಿಯುತ್ತೇನೆ. ಆದರೆ ಕಾದಂಬರಿಯನ್ನು ತೆಗೆದು ನೋಡಿದರೆ ಟಾರ್ಕಿಂಗ್ಟನ್ ಮುಗಿಸುವುದೂ ಆಸ್ಪತ್ರೆಯಲ್ಲೇ, ಕ್ಷಮೆಯಲ್ಲೇ. ಅಂದರೆ ಮೂಲಕ್ಕೆ ನಿಷ್ಠವಾದದ್ದು ಸ್ಟುಡಿಯೋದ ಮುಕ್ತಾಯ. ಮೂಲವನ್ನು ಮೀರಿದ್ದು ವೆಲ್ಸ್. ಕೃತಿನಿಷ್ಠೆಯನ್ನೇ ಅಳತೆಗೋಲು ಮಾಡಿಕೊಂಡು ಪ್ರಬಂಧ ಬರೆಯಲು ಹೊರಟಿದ್ದ ನನ್ನ ಒಂದು ಅಧ್ಯಾಯ ಈ ಒಂದು ಸಂಗತಿಯಿಂದ ಕುಸಿದುಬಿತ್ತು.

ಜೂನ್‌ನಲ್ಲಿ ಷೇಫರ್ ಹೊರಬಿದ್ದ. ಜುಲೈನಲ್ಲಿ ವೆಲ್ಸ್‌ನ ಮರ್ಕ್ಯುರಿ ಕಂಪನಿಯನ್ನು ಸ್ಟುಡಿಯೋದಿಂದ ಖಾಲಿ ಮಾಡಿಸಿದರು. ಅದೇ ತಿಂಗಳು 88 ನಿಮಿಷದ ಚಿತ್ರ ಬಿಡುಗಡೆಯಾಯಿತು. ಲಾಸ್ ಏಂಜಲೀಸ್‌ನಲ್ಲಿ ಅದರ ಜೋಡಿಯಾಗಿ ಓಡಿದ್ದು ‘ಮೆಕ್ಸಿಕನ್ ಸ್ಪಿಟ್‌ಫೈರ್ ಸೀಸ್ ಎ ಘೋಸ್ಟ್’ ಎಂಬ ಹಾಸ್ಯಚಿತ್ರ. ಆರು ಲಕ್ಷ ಡಾಲರ್ ಆಸುಪಾಸಿನ ನಷ್ಟ. ಹಾಗಿದ್ದೂ ಶ್ರೇಷ್ಠ ಚಿತ್ರವೂ ಸೇರಿ ನಾಲ್ಕು ಆಸ್ಕರ್ ನಾಮನಿರ್ದೇಶನ. ಕತ್ತರಿಸಿ ತೆಗೆದ ನೆಗೆಟಿವನ್ನು ಗೋದಾಮಿನಲ್ಲಿ ಜಾಗ ಬೇಕೆಂದು ನಾಶಮಾಡಿದರು. ರಿಯೋಗೆ ಹೋದ ಪ್ರಿಂಟ್ ಏನಾಯಿತೋ ಪತ್ತೆಯಿಲ್ಲ. ಈಚೆಗೂ ಅದನ್ನು ಹುಡುಕಿಕೊಂಡು ಬ್ರೆಜಿಲ್‌ಗೆ ಹೋಗಿ ಬಂದವರಿದ್ದಾರೆ. 2025ರಲ್ಲಿ ಒಂದು ಕಂಪನಿ ಕೃತಕ ಬುದ್ಧಿಮತ್ತೆ ಬಳಸಿ ಆ 43 ನಿಮಿಷಗಳನ್ನು ಮರಳಿ ಕಟ್ಟುತ್ತೇವೆ ಎಂದಿತು. ಮೂರ್‌ಹೆಡ್‌ಳ ಮುಖವನ್ನು ಲೆಕ್ಕ ಹಾಕಿ ತಯಾರಿಸಬಹುದು ಎಂದು ನಂಬುವವರು ಆ ಅಡುಗೆಮನೆಯ ದೃಶ್ಯವನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಅನುಮಾನ.

ಹಾಗಾದರೆ ತಪ್ಪು ಯಾರದು? ವೆಲ್ಸ್ ಕೊನೆಯವರೆಗೂ ಸ್ಟುಡಿಯೋವನ್ನು ದೂರಿದ, ವೈಸ್‌ನನ್ನು ಕ್ಷಮಿಸಲಿಲ್ಲ. ಮುಂದೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಮಾಡಿದ ವೈಸ್, ಚಿತ್ರ ಇಂದಿಗೂ ಶ್ರೇಷ್ಠವೆನ್ನಿಸಿಕೊಳ್ಳುತ್ತಿದೆ ಎಂದರೆ ನಾವು ಅದನ್ನು ಕೆಡಿಸಲಿಲ್ಲ ಎಂದೇ ಅರ್ಥ ಎನ್ನುತ್ತಿದ್ದ. ಕ್ಯಾರಿಂಜರ್, ವೆಲ್ಸ್ ತಾನೇ ಈ ಚಿತ್ರದಿಂದ ಓಡಿಹೋದ ಎನ್ನುವವರೆಗೂ ಹೋಗುತ್ತಾನೆ. ತಾಯಿ ಮಗನ ಕತೆಯಿಂದ ಮಗ ತಪ್ಪಿಸಿಕೊಂಡ ಎಂಬ ಮನೋವಿಶ್ಲೇಷಣೆ ನನಗೆ ಒಗ್ಗುವುದಿಲ್ಲ. ನನಗೆ ಕಾಣುವುದು ಹೆಚ್ಚು ಸಾಮಾನ್ಯವಾದದ್ದು: ಹಕ್ಕು ಬಿಟ್ಟುಕೊಟ್ಟ ಒಂದು ಸಹಿ, ಬೇಡವೆನ್ನಲಾಗದ ಒಂದು ಕರೆ, ಸಿಗದ ಒಂದು ಪ್ರಯಾಣದ ಅನುಮತಿ, ತಪ್ಪು ಸಿನಿಮಾದ ಬೆನ್ನಿಗೆ ತೋರಿಸಿದ ಒಂದು ಪ್ರಿವ್ಯೂ. ಇವುಗಳಲ್ಲಿ ಯಾವುದೂ ಒಂದೊಂದಾಗಿ ನೋಡಿದರೆ ಕೊಲೆಯಲ್ಲ.

ಈ ಕತೆ ಹೇಳುವವರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುವ ಒಂದು ಸಾವಿದೆ. ಬ್ರೆಜಿಲ್‌ನಲ್ಲಿ ವೆಲ್ಸ್ ತೆಗೆಯುತ್ತಿದ್ದ ಚಿತ್ರ ‘ಇಟ್ಸ್ ಆಲ್ ಟ್ರೂ’. ಅದರ ಒಂದು ಭಾಗ ನಾಲ್ವರು ಮೀನುಗಾರರದು. 1941ರಲ್ಲಿ ಅವರು ಜಂಗಾಡ ಎಂಬ ಮರದ ತೆಪ್ಪದಲ್ಲಿ, ದಿಕ್ಸೂಚಿಯೂ ಇಲ್ಲದೆ, ಫೋರ್ಟಲೇಜಾದಿಂದ ರಿಯೋವರೆಗೆ 61 ದಿನ ಸಮುದ್ರದಲ್ಲಿ ಬಂದು, ಮೀನುಗಾರರಿಗೂ ಉಳಿದ ಕೆಲಸಗಾರರಂತೆ ಸವಲತ್ತು ಬೇಕೆಂದು ಅಧ್ಯಕ್ಷ ವರ್ಗಾಸ್ ಎದುರು ನಿಂತಿದ್ದರು. ಅವರ ನಾಯಕ ಮನೋಯೆಲ್ ಒಲಿಂಪಿಯೋ ಮೇಯ್ರಾ, ಜನ ಕರೆಯುತ್ತಿದ್ದುದು ಜಕಾರೆ ಎಂದು. ರಿಯೋಗೆ ಬಂದು ತಲುಪಿದ ದೃಶ್ಯವನ್ನು ಕ್ಯಾಮೆರಾಕ್ಕಾಗಿ ಮತ್ತೆ ಮಾಡುವ ಕೆಲಸದಲ್ಲಿದ್ದಾಗ, 1942ರ ಮೇ 19ರಂದು ತೆಪ್ಪ ಮಗುಚಿತು. ಮೂವರು ಉಳಿದರು, ಜಕಾರೆ ಮುಳುಗಿದ. ಆಂಬರ್ಸನ್ನರ ಮುಕ್ತಾಯ ಹೇಗಿರಬೇಕೆಂದು ರಿಯೋಗೂ ಹಾಲಿವುಡ್‌ಗೂ ನಡುವೆ ತಂತಿಗಳು ಓಡಾಡಿದ ಅದೇ ಮಳೆಗಾಲದ ಮುಂಚಿನ ವಾರಗಳು. ಸ್ಟುಡಿಯೋ ದುಡ್ಡು ನಿಲ್ಲಿಸಿತು. ವೆಲ್ಸ್ ನಾಲ್ಕಾರು ಜನರನ್ನು ಕಟ್ಟಿಕೊಂಡು, ದನಿ ಮುದ್ರಿಸದ ಒಂದು ಕ್ಯಾಮೆರಾ ಹಿಡಿದು ಫೋರ್ಟಲೇಜಾಗೆ ಹೋಗಿ ಆ ಭಾಗವನ್ನು ತೆಗೆದ. ಅದೂ ಮುಗಿಯಲಿಲ್ಲ. 1980ರ ದಶಕದಲ್ಲಿ ಅದರ ನೆಗೆಟಿವ್ ಸಿಕ್ಕಿತು, 1993ರಲ್ಲಿ ಒಂದು ಸಾಕ್ಷ್ಯಚಿತ್ರದೊಳಗೆ ಸೇರಿ ಹೊರಬಂತು. ಮರಳ ದಂಡೆಯ ಮೇಲೆ ಶವವೊಂದನ್ನು ಹೊತ್ತು ಸಾಲಾಗಿ ನಡೆಯುವ ಜನ, ಹಿಂದೆ ಬರೀ ಆಕಾಶ. ಪೊಮೋನಾದವರು ಅದನ್ನು ನೋಡಿ ನಗುತ್ತಿದ್ದರೇ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಈಗ ‘ಆಂಬರ್ಸನ್ಸ್’ ನೋಡುವಾಗ ನನ್ನ ಪಕ್ಕದಲ್ಲಿ ಕ್ಯಾರಿಂಜರ್‌ನ ಪುಸ್ತಕ ತೆರೆದಿರುತ್ತದೆ. ಪರದೆಯ ಮೇಲೆ ಕಟ್ ಆದ ಕಡೆ ನಿಲ್ಲಿಸಿ, ಪುಸ್ತಕದಲ್ಲಿ ಆ ಜಾಗದ ದೃಶ್ಯವನ್ನು ಓದಿ, ಮತ್ತೆ ಚಿತ್ರ ಶುರುಮಾಡುತ್ತೇನೆ. ಹೀಗೆ ನೋಡಿದರೆ ಒಂದು ಸಂಜೆ ಪೂರ್ತಿ ಬೇಕು. ಕೊನೆಗೆ ಆಸ್ಪತ್ರೆಯ ಕಾರಿಡಾರು ಬರುತ್ತದೆ, ವೆಲ್ಸ್ ತೆಗೆಯದ, ಕಣ್ಣಾರೆ ನಿಂತು ನೋಡದ ಕಾರಿಡಾರು. ಅದು ಮುಗಿದ ಕೂಡಲೇ ಅವನ ದನಿ ಕೇಳುತ್ತದೆ. ಛಾಯಾಗ್ರಾಹಕನನ್ನು, ನಟರನ್ನು ಒಬ್ಬೊಬ್ಬರನ್ನೇ ಹೆಸರಿಡಿದು ಪರಿಚಯಿಸುತ್ತಾನೆ. ಆಮೇಲೆ ಪರದೆಯ ಮೇಲೆ ಒಂದು ಮೈಕು ಮಾತ್ರ. ಚಿತ್ರವನ್ನು ಬರೆದವನೂ ನಿರ್ದೇಶಿಸಿದವನೂ ತಾನೆಂದು ಹೇಳಿ ತನ್ನ ಹೆಸರು ಹೇಳುತ್ತಾನೆ. ಮೈಕು ಮೇಲಕ್ಕೆ, ಕತ್ತಲಿಗೆ ಸರಿಯುತ್ತದೆ.